ಇಟ್ಟ ಹಾಗೇ ಇದೆ

ಬಸ್ಸಿನಲ್ಲಿ ಕೂತ ಕೂಡಲೇ ಅವಳು ಮೊದಲು ಮಾಡುವ ಕೆಲಸ ತೋಳಿನ ತುದಿಯನ್ನು ಮೂಸಿ ನೋಡುವುದು. ಮೂಗು ಒರೆಸಿಕೊಳ್ಳುವವಳ ಹಾಗೆ ಕೈ ಎತ್ತಿ, ಯಾರಿಗೂ ತಿಳಿಯದಂತೆ ಒಂದೇ ಸಲ ಉಸಿರೆಳೆದುಕೊಳ್ಳುತ್ತಾಳೆ. ಇವತ್ತು ಒಗೆದ ಬಟ್ಟೆ. ಅಕ್ಕ ನಿನ್ನೆಯೇ ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿಟ್ಟಿದ್ದಳು. ಆದರೂ ಸೋಪಿನ ವಾಸನೆಯ ಕೆಳಗೆ ಅದು ಇದ್ದೇ ಇತ್ತು: ಹದ ಮಾಡಿದ ತೊಗಲು, ಒಣಮೀನು, ಜೇನುಮೇಣ, ಉಣ್ಣೆ, ಅರಗು, ಇವೆಲ್ಲ ಒಂದೇ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ವರ್ಷಾನುಗಟ್ಟಲೆ ಕೂತು ಹುಟ್ಟಿಸಿದ ವಾಸನೆ. ಅವಳು ಕಿಟಕಿಯ ಗಾಜು ಸರಿಸಿದಳು. ಪಕ್ಕದ ಮುದುಕಿ, "ಚಳಿಗಾಳಿ ಕಣಮ್ಮ," ಅಂದಳು. "ಸ್ವಲ್ಪ ಹೊತ್ತು," ಎಂದು ಅವಳು ಮುಖ ಆಚೆ ತಿರುಗಿಸಿದಳು. ನಾಲ್ಕು ವರ್ಷದ ಹಿಂದೆ ಇದೇ ಬಸ್ಸಿನಲ್ಲಿ ಒಬ್ಬ ಹೆಂಗಸು ಕರವಸ್ತ್ರ ಮೂಗಿಗೆ ಹಿಡಿದು, ಮಗುವನ್ನು ತನ್ನ ಇನ್ನೊಂದು ಪಕ್ಕಕ್ಕೆ ಎಳೆದುಕೊಂಡಿದ್ದಳು. ಏನೂ ಅಂದಿರಲಿಲ್ಲ. ಅಂದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ. ಎಲ್ಲ ಶುರುವಾದದ್ದು ಆ ಕರವಸ್ತ್ರದಿಂದ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುವುದುಂಟು. ಹೇಳಿಕೊಂಡ ಮೇಲೆ ನಾಚಿಕೆಯಾಗುತ್ತದೆ. ಆ ಹೆಂಗಸಿಗೆ ಪಾಪ ಏನು ಗೊತ್ತು.

ಇವತ್ತು ಸಂಜೆ ನಾಲ್ಕಕ್ಕೆ ಸಹಿ. ನದಿಯ ಆಚೆ ದಡದ ಸರ್ಕಾರಕ್ಕೂ ಈಚೆ ದಡದ ಪ್ರಾಂತ್ಯ ಸರ್ಕಾರಕ್ಕೂ ಐದು ವರ್ಷಕ್ಕೊಮ್ಮೆ ಆಗುವ ಒಡಂಬಡಿಕೆ. ಯಾವ ಸರಕು ಸುಂಕವಿಲ್ಲದೆ ನದಿ ದಾಟಬಹುದು, ಯಾರು ಯಾರಿಂದ ಕೊಳ್ಳಬಹುದು ಎಂಬ ಪಟ್ಟಿಗೆ ಎರಡೂ ಕಡೆಯವರು ಸಹಿ ಹಾಕಿದರೆ ಮುಂದಿನ ಐದು ವರ್ಷ ಅದಕ್ಕೆ ಒಂದು ಗೆರೆಯೂ ಸೇರುವುದಿಲ್ಲ; ಮೋಸವೆಂದು ಕಂಡದ್ದನ್ನು ಹೊಡೆದುಹಾಕಬಹುದು, ಅಷ್ಟೇ. ಪಟ್ಟಿಯಲ್ಲಿ ಮೂವತ್ತೊಂದು ಸರಕುಗಳಿದ್ದವು. ಮೂರು ವರ್ಷದ ಹಿಂದೆ ಮೂವತ್ತೆರಡಿದ್ದವು. ಹೊಡೆದುಹಾಕಿದ ಆ ಒಂದು ಸರಕು ಹಗ್ಗ, ಆಚೆ ದಡದ ಹಗ್ಗದ ಕೇರಿಯವರು ಹೊಸೆಯುತ್ತಿದ್ದ ದೋಣಿಯ ಹಗ್ಗ. ಅದು ಮತ್ತೆ ಪಟ್ಟಿ ಸೇರಬೇಕಾದರೆ ಇವತ್ತೇ ಸೇರಬೇಕು. ಸೇರಿಸುವ ಮಾತು ಈ ದಡದ ಇಡೀ ಸುಂಕದ ಕಚೇರಿಯಲ್ಲಿ ಒಬ್ಬರ ಬಾಯಿಂದ ಮಾತ್ರ ಬರಬೇಕು. ಆ ಬಾಯಿ ಅವಳದು.

ಅವಳು ಮಾದರಿ ಕೋಣೆಯ ಕಾವಲಿನವಳು. ಓದು ಏಳನೆಯ ತರಗತಿಗೆ ನಿಂತಿತ್ತು. ಭಾವ, ಎಂದರೆ ಅಕ್ಕನ ಗಂಡ, ಆ ಕಚೇರಿಯಲ್ಲಿ ಹೆಡ್ ಗುಮಾಸ್ತ. ಕೋಣೆಗೆ ಜನ ಬೇಕು ಎಂದಾಗ ಅವರು ದೊಡ್ಡ ಸಾಹೇಬರ ಮುಂದೆ, "ನಮ್ಮನೇಲಿ ಒಂದು ಹುಡುಗಿ ಇದೆ ಸರ್. ಬಾಯೇ ಇಲ್ಲ," ಅಂದಿದ್ದರಂತೆ. ಆ ಕೆಲಸಕ್ಕೆ ಬಾಯಿಲ್ಲದಿರುವುದೇ ದೊಡ್ಡ ಅರ್ಹತೆ. ಪಟ್ಟಿಯ ಪ್ರತಿ ಸರಕಿನದೂ ಒಂದೊಂದು ಮಾದರಿಯನ್ನು ಎರಡೂ ಕಡೆಯವರ ಎದುರಿಗೆ ಎರಡು ತುಂಡು ಮಾಡುತ್ತಾರೆ. ಒಂದು ಅರ್ಧ ಈ ದಡದಲ್ಲಿ, ಇನ್ನೊಂದು ಆ ದಡದಲ್ಲಿ, ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಅರಗು ಇಳಿಸಿ ಮುದ್ರೆ ಒತ್ತಿ ಇಡುತ್ತಾರೆ. ಮುಂದೆ ಎಂದಾದರೂ ಬಂದ ಮಾಲು ಸರಿಯಿಲ್ಲವೆಂದು ಜಗಳ ಬಂದರೆ ಚೀಲ ಒಡೆದು, ಒಪ್ಪಿಕೊಂಡದ್ದು ಇದೇ ಹೌದೋ ಅಲ್ಲವೋ ನೋಡುತ್ತಾರೆ. ಒಡೆಯುವ ಮುಂಚೆ ಕಾವಲಿನವರಿಗೆ ಒಂದು ಪ್ರಶ್ನೆ: "ಕೈ ತಾಗಿದೆಯೇ?" ತಾಗಿಲ್ಲವೆಂದರೆ ಹೇಳಬೇಕಾದ ಮಾತು: "ಇಟ್ಟ ಹಾಗೇ ಇದೆ." ಅದಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ. ಕಾವಲಿನವರ ಬಾಯಿಮಾತೇ ಕಡೆಯದು. ಎರಡು ಸರ್ಕಾರಗಳು ಇಷ್ಟು ವರ್ಷ ಒಂದನ್ನೊಂದು ನಂಬಿದ್ದು ಈ ಮೂರು ಪದಗಳ ಮೇಲೆ ಎಂದು ಭಾವ ಹೊಸಬರಿಗೆಲ್ಲ ಹೇಳುತ್ತಿದ್ದರು. ಹೇಳುತ್ತ ಅವಳ ಕಡೆ ಕೈ ತೋರಿಸುತ್ತಿದ್ದರು. ಟೈಪಿಸ್ಟ್ ಒಬ್ಬ ಅವಳಿಗೆ "ಬೀಗ" ಎಂದು ಹೆಸರಿಟ್ಟಿದ್ದ. "ಬೀಗ ಬಂತು, ದಾರಿ ಬಿಡಿ," ಎನ್ನುತ್ತಿದ್ದ. ಅವಳು ತಲೆ ತಗ್ಗಿಸಿಕೊಂಡು ನಗುತ್ತಿದ್ದಳು. ಒಳಗೆ ಸ್ವಲ್ಪ ಹೆಮ್ಮೆಯೂ ಇತ್ತು, ಆಗ.

ಕೋಣೆಯ ಬಾಗಿಲು ತೆಗೆದಾಗ ವಾಸನೆ ಎಂದಿನಂತೆ ಎದ್ದು ಬಂದು ಮುಖಕ್ಕೆ ಒರಗಿತು. ಕಪಾಟುಗಳ ಚೀಲಗಳನ್ನು ಒಂದೊಂದಾಗಿ ಇಳಿಸಿ, ಧೂಳು ಒರೆಸಿ, ಚೀಟಿ ನೋಡಿ, ಪಟ್ಟಿಯ ಕ್ರಮದಲ್ಲಿ ಗಾಡಿಯ ಮೇಲೆ ಜೋಡಿಸತೊಡಗಿದಳು. ಉಪ್ಪು, ಉಣ್ಣೆ, ಗೋಂದು, ಮೇಣ. ಹಳೆಯ ಪಟ್ಟಿಯ ಹನ್ನೆರಡನೆಯದರ ಜಾಗದಲ್ಲಿ ಕೈ ತಾನೇ ನಿಂತಿತು. ಮೂರು ವರ್ಷವಾದರೂ ಕೈಗೆ ಇನ್ನೂ ತಿಳಿದಿರಲಿಲ್ಲ. ಹನ್ನೆರಡನೆಯದು ಕೆಳಗಿನ ಸೆಳೆಖಾನೆಯಲ್ಲಿ, ಒಡೆದ ಅರಗಿನ ಚೂರುಗಳ ಜೊತೆ, ನಡುವೆ ಹರಿದು ಎರಡಾಗಿ ಬಿದ್ದಿತ್ತು. ಐದು ವರ್ಷದ ಹಿಂದೆ ಅದನ್ನು ಮಾದರಿಗಾಗಿ ಕತ್ತರಿಸಿದ ದಿನ ಆ ಹಗ್ಗವನ್ನು ಹೊಸೆದವಳೇ ಸಿಂಬಿ ಸುತ್ತಿ ತಲೆಯ ಮೇಲೆ ಹೊತ್ತು ತಂದಿದ್ದಳು. ಅಗಲ ಮುಖ, ಬೆರಳುಗಳ ಗೆಣ್ಣುಗಳಲ್ಲಿ ಗಟ್ಟಿ ಚರ್ಮ. ಎಲ್ಲರೂ ಅವಳನ್ನು ಹಗ್ಗದವಳು ಎಂದೇ ಕರೆದರು. ದೊಡ್ಡವರು ಮೇಲೆ ಊಟಕ್ಕೆ ಹೋದಾಗ ಹಗ್ಗದವಳು ಈ ಕೋಣೆಯ ಹೊಸ್ತಿಲ ಮೇಲೆ ಕೂತು ಬುತ್ತಿ ಬಿಚ್ಚಿ, "ಬಾ, ಒಬ್ಬಳೇ ತಿಂದ್ರೆ ಗಂಟಲಲ್ಲಿ ಇಳಿಯಲ್ಲ ನಂಗೆ," ಅಂದಿದ್ದಳು. ಹಗ್ಗ ಹೊಸೆಯುವವರು ಹಿಂದೆ ಹಿಂದೆ ನಡೆಯುತ್ತಾರೆ ಎಂದು ಅವಳಿಗೆ ಅವತ್ತೇ ಗೊತ್ತಾದದ್ದು. ಉದ್ದನೆಯ ಓಣಿ, ಒಂದು ತುದಿಯಲ್ಲಿ ರಾಟೆ, ಸೊಂಟಕ್ಕೆ ನಾರಿನ ಕಂತೆ ಸುತ್ತಿಕೊಂಡು, ಬೆರಳಲ್ಲಿ ಎಳೆ ಬಿಡುತ್ತ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ. "ಬೀಳಲ್ವಾ?" ಎಂದು ಅವಳು ಕೇಳಿದ್ದಳು. "ಹಿಮ್ಮಡಿಗೆ ಕಣ್ಣಿರುತ್ತೆ ಮಾರಾಯ್ತಿ. ನಮ್ಮ ಯಜಮಾನ್ರು ಮನೇಲೂ ಹಂಗೇ ನಡೀತಿದ್ರು, ನಾನು ಬೈಯೋಕೆ ಶುರು ಮಾಡಿದ್ರೆ," ಎಂದು ಹಗ್ಗದವಳು ಹೊಸ್ತಿಲಿನಿಂದ ಎದ್ದು, ಈ ಕಾರಿಡಾರಿನಲ್ಲೇ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದು ತೋರಿಸಿದ್ದಳು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು. ಈ ಕಟ್ಟಡದಲ್ಲಿ ಅವಳು ಅಷ್ಟು ನಕ್ಕದ್ದು ಅದೊಂದೇ ಸಲ.

ಕರವಸ್ತ್ರದ ಹೆಂಗಸು ಬಂದದ್ದು ಅದಾದ ಒಂದು ವರ್ಷಕ್ಕೆ. ಅವತ್ತಿನಿಂದ ಅವಳು ಸಂಜೆ ಬಾಗಿಲು ಹಾಕುವಾಗ ಕೋಣೆಯ ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದಿಟ್ಟು ಹೋಗತೊಡಗಿದಳು. ಗಾಳಿಯಾಡಿದರೆ ವಾಸನೆ ಕಡಿಮೆಯಾದೀತು, ಮಾರನೆಯ ದಿನ ಬಟ್ಟೆಗೆ ಅಷ್ಟು ಹತ್ತಲಾರದು. ಕಿಟಕಿ ತೆಗೆಯಬಾರದೆಂಬುದು ಮೊದಲ ದಿನ ಹೇಳಿಕೊಟ್ಟ ಮೊದಲ ಪಾಠ. ಮಳೆ ಬಂದದ್ದು ರಜೆಯ ಎರಡು ದಿನ. ಸೋಮವಾರ ಬಂದು ನೋಡಿದಾಗ ಕಿಟಕಿಯ ಕೆಳಗಿನ ಕಪಾಟಿನಲ್ಲಿ ಒಂದೇ ಚೀಲ ಒದ್ದೆಯಾಗಿತ್ತು. ಒಂದೇ. ಬಟ್ಟೆಯ ಮೇಲೆ ಹಸಿರು ಮಿಶ್ರಿತ ಕಲೆ, ಒಳಗಿಂದ ಹಸಿ ನಾರಿನ ವಾಸನೆ. ಭಾವನಿಗೆ ಹೇಳಬಹುದಿತ್ತು. ಅವರು ರೇಗುತ್ತಿದ್ದರು, ಆಚೆ ದಡಕ್ಕೆ ಒಂದು ಕಾಗದ ಹೋಗುತ್ತಿತ್ತು, ಇನ್ನೊಂದು ಹಗ್ಗ ತಂದು ಹೊಸದಾಗಿ ಕತ್ತರಿಸುತ್ತಿದ್ದರು. ಅಷ್ಟೇ. ಆದರೆ ಕಿಟಕಿ ಯಾಕೆ ತೆಗೆದೆ ಎಂದು ಕೇಳಿದರೆ ಏನು ಹೇಳುವುದು? ನನ್ನ ಮೈ ನಾರುತ್ತದೆ ಎಂದೇ? ಭಾವನ ಮುಂದೆ, ಆ ಟೈಪಿಸ್ಟನ ಮುಂದೆ? ಅವಳು ಚಿಲಕ ಹಾಕಿಕೊಂಡು, ಮುದ್ರೆ ಒಡೆದು, ಹಗ್ಗವನ್ನು ಹೊರತೆಗೆದು, ಅರಗು ಕರಗಿಸುವ ಸಣ್ಣ ಒಲೆಯ ಮೇಲೆ ಎರಡು ಕುರ್ಚಿಗಳ ನಡುವೆ ನೇತುಹಾಕಿದಳು. ಎರಡು ಗಂಟೆ ತಿರುವಿ ತಿರುವಿ ಒಣಗಿಸಿದಳು. ಒಣಗಿದ ಹಗ್ಗ ಮುಟ್ಟಲು ಚೆನ್ನಾಗಿಯೇ ಇತ್ತು. ಸ್ವಲ್ಪ ಕಂದು, ಸ್ವಲ್ಪ ಹಗುರ. ಮುದ್ರೆ ಅವಳ ಹತ್ತಿರವೇ ಇತ್ತು. ಮತ್ತೆ ಒತ್ತಿದಳು. 

"ಅರಗಿನ ವಾಸನೆ ಬರ್ತಿದೆ ಅಂದ್ರೆ ಹುಡುಗಿ ಒಳಗಿದಾಳೆ ಅಂತ ಲೆಕ್ಕ," ಎಂದು ಈಗ ಬಾಗಿಲಲ್ಲಿ ಧ್ವನಿ ಕೇಳಿಸಿತು. ಅರಗಿನಜ್ಜ. ಆಚೆ ದಡದ ಮಾದರಿ ಕೋಣೆಯ ಕಾವಲಿನವನು, ಮೂವತ್ತು ವರ್ಷದಿಂದ. ಹೆಬ್ಬೆರಳಿನ ಉಗುರು ಅರಗು ತಾಗಿ ತಾಗಿ ಕೆಂಪಾಗಿಯೇ ಉಳಿದಿತ್ತು. ತನ್ನ ಪೆಟ್ಟಿಗೆಯನ್ನು ನೆಲಕ್ಕಿಟ್ಟು, ಸ್ಟೂಲು ಎಳೆದುಕೊಂಡು, ಮೊಣಕಾಲು ಹಿಡಿದುಕೊಂಡು ಕೂತ. ಅವಳು ನೀರು ಕೊಟ್ಟಳು. ಕುಡಿದು ಲೋಟ ಕೆಳಗಿಟ್ಟ.

"ನಂದು ಇದೇ ಕೊನೆ ಸಲ ಕಣಮ್ಮ. ಮುಂದಿನ ತಿಂಗಳು ಮನೆಗೆ."

"ಯಾರು ಬರ್ತಾರೆ ನಿಮ್ಮ ಜಾಗಕ್ಕೆ?"

"ಯಾರೋ ಬರ್ತಾರೆ. ಮೂಗಿದ್ರೆ ಸಾಕು." ಅಜ್ಜ ನಗಲಿಲ್ಲ. ಗಾಡಿಯ ಮೇಲಿನ ಚೀಲಗಳನ್ನು ನೋಡಿದ. "ಹಗ್ಗದ ಅರ್ಧ ನನ್ನ ಪೆಟ್ಟಿಗೇಲಿ ಇನ್ನೂ ಇದೆ. ತಂದಿದೀನಿ."

ಅವಳು ಚೀಟಿಯೊಂದನ್ನು ಸರಿಮಾಡಿದಳು. ಆಗಲೇ ಸರಿಯಾಗಿದ್ದ ಚೀಟಿ.

"ಅವತ್ತು ನಿಮ್ಮ ಅರ್ಧ ಹರಿದು ಬಿದ್ದಾಗ ನಾನು ತುದಿ ಹೊಂದಿಸಿ ನೋಡಿದೆ. ತುದಿ ಹೊಂದಿತು, ಎಳೆಗೆ ಎಳೆ. ಹಗ್ಗ ಅದೇ. ಆದ್ರೆ ಮೂಸಿ ನೋಡಿದ್ರೆ ಹೊಗೆ." ಅಜ್ಜ ತನ್ನ ಉಗುರನ್ನು ನೋಡಿಕೊಂಡ. "ನನಗೆ ಏನೂ ಹೇಳ್ಬೇಡ. ನನ್ನ ಮಾತಿಗೆ ಈ ದಡದಲ್ಲಿ ಬೆಲೆ ಇಲ್ಲ, ನಮ್ಮವರನ್ನ ಉಳಿಸೋಕೆ ಹೇಳ್ತಾನೆ ಅಂತಾರೆ. ಸಂಜೆ ಎಲ್ಲ ಸರಕು ಮುಗಿದ ಮೇಲೆ, ಸಹಿಗೆ ಮುಂಚೆ, ನಾನು ಹಗ್ಗ ಮೇಜಿನ ಮೇಲಿಟ್ಟು ಒಂದೇ ಸಲ ಕೇಳ್ತೀನಿ. ಕೈ ತಾಗಿದೆಯೇ ಅಂತ. ಕೇಳೋ ಹಕ್ಕು ನನಗಿದೆ. 'ತಾಗಿದೆ' ಅಂದ್ರೆ ಸಾಕು. ಮಳೆ ಬಂತು, ಇಲಿ ಬಂತು, ಏನ್ ಬೇಕಾದ್ರೂ ಹೇಳ್ಕೋ. ಹಗ್ಗ ಪಟ್ಟಿಗೆ ವಾಪಸ್ ಸೇರುತ್ತೆ."

"ಹೂಂ," ಅಂದಳು. ಅದು ಅವಳ ಧ್ವನಿಯ ಹಾಗೆ ಇರಲಿಲ್ಲ.

"ಅವಳು ಈಗ ದೋಣಿಕಟ್ಟೆ ಹತ್ರ ಹೋಟೆಲಲ್ಲಿ ತಟ್ಟೆ ತೊಳೀತಾಳೆ. ಓಣೀನ ಮಾತ್ರ ದಿನಾ ಗುಡಿಸ್ತಾಳೆ. ರಾಟೆಗೆ ಎಣ್ಣೆನೂ ಹಾಕ್ತಾಳೆ. ಕೇಳ್ತಿದ್ಲು, ಆ ಸಣಕಲು ಹುಡುಗಿ ಇನ್ನೂ ಅದೇ ಕೋಣೇಲಿ ಇದಾಳಾ ಅಂತ." ಅಜ್ಜ ಎದ್ದು ನಿಂತ. "ಹರಿದಿದ್ದು ಹೇಗೋ ಏನೋ, ಆ ಹುಡುಗಿ ಇದ್ದದ್ದನ್ನ ಇದ್ದ ಹಾಗೇ ಹೇಳಿರ್ತಾಳೆ ಅಂತಾಳೆ."

ಅಜ್ಜ ಹೋದ ಮೇಲೆ ಅವಳು ಬಹಳ ಹೊತ್ತು ಲೋಟ ತೊಳೆದಳು. ಹೇಳುತ್ತೇನೆ ಎಂದು ನಿಶ್ಚಯವಾದದ್ದು ನಲ್ಲಿಯ ಕೆಳಗೆ, ಕೈ ತಣ್ಣಗಾಗುತ್ತಿದ್ದಾಗ. ನಿಶ್ಚಯ ಇಷ್ಟು ಸುಲಭವಾಗಿ ಬರುತ್ತದೆಂದು ತಿಳಿದಿರಲಿಲ್ಲ. ಎದೆಯಲ್ಲಿ ಏನೋ ಕೂತಲ್ಲಿಂದ ಎದ್ದು ಜಾಗ ಬಿಟ್ಟ ಹಾಗಾಯಿತು. ತಾಗಿದೆ. ಒಂದು ಪದ. ಬಾಯಲ್ಲೇ ಹೇಳಿ ನೋಡಿದಳು. ನಲ್ಲಿಯ ಸದ್ದಿಗೆ ಅವಳಿಗೇ ಕೇಳಿಸಲಿಲ್ಲ. ಮೂರು ವರ್ಷದ ಹಿಂದೆ ಈ ಪದ ಎಲ್ಲಿತ್ತು? ಆಗ ಒಂದು ದೋಣಿಯ ಹಗ್ಗ ಹರಿದು, ದೋಣಿ ತೇಲಿಹೋಗಿ, ಮೂಟೆಗಳು ನೀರು ಪಾಲಾಗಿದ್ದವು. ಹಳೆಯ ಹಗ್ಗ, ಎರಡು ಮಳೆಗಾಲ ಹೆಚ್ಚೇ ಬಳಸಿದ್ದು, ಅಂಬಿಗರಿಗೆಲ್ಲ ಗೊತ್ತಿತ್ತು. ಆದರೂ ದೂರು ಬಂದ ಮೇಲೆ ಮಾದರಿ ನೋಡಬೇಕು. ಕೈ ತಾಗಿದೆಯೇ ಎಂದು ಕೇಳಿದಾಗ ಅವಳು ಇಟ್ಟ ಹಾಗೇ ಇದೆ ಅಂದಿದ್ದಳು. ಅಂಗಳದಲ್ಲಿ ತೊಲೆಗೆ ಹಗ್ಗ ಬಿಗಿದು ಕಲ್ಲು ಕಟ್ಟುತ್ತ ಹೋದರು. ಮೂವತ್ತು ಕಲ್ಲು ತಾಳಬೇಕಾದದ್ದು ಹದಿನೆಂಟಕ್ಕೇ ಹರಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ, ಒಣ ಕಡ್ಡಿ ಮುರಿದ ಹಾಗೆ. ಒಪ್ಪಿಸಿದ ಮಾದರಿಯೇ ಹೀಗಿದ್ದರೆ ಮೊದಲ ದಿನದಿಂದಲೂ ಮೋಸವೇ ಎಂದು ಯಾರೋ ಅಂದರು. ಅಜ್ಜ ತನ್ನ ಅರ್ಧವನ್ನೂ ಕಟ್ಟಿ ನೋಡಿ ಎಂದ. ಕೊಂಡವರ ಅರ್ಧಕ್ಕೆ ಮಾತ್ರ ಕಲ್ಲು ಕಟ್ಟುವುದು ನಿಯಮ ಎಂದರು. ಗುಂಪಿನ ಹಿಂದೆ ಹಗ್ಗದವಳು ನಿಂತಿದ್ದಳು. ಸಿಟ್ಟಾಗಿರಲಿಲ್ಲ. ತನ್ನ ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು, ತಪ್ಪು ಯಾವ ಬೆರಳಿನದು ಎಂದು ಹುಡುಕುವವಳ ಹಾಗೆ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಕ್ಕ, "ಯಾರೋ ಹಗ್ಗದವರು ಮೋಸ ಮಾಡಿದ್ರಂತೆ?" ಎಂದು ಕೇಳಿದ್ದಳು. ಭಾವ, "ಜನಾನೇ ಹಾಗೆ. ನಮ್ಮ ಹುಡುಗಿ ಇಟ್ಟ ಹಾಗೇ ಇಟ್ಟಿದ್ಲು, ಅದಕ್ಕೇ ಸಿಕ್ಕಿಬಿದ್ರು," ಎಂದು ಅವಳ ತಟ್ಟೆಗೆ ಇನ್ನೊಂದು ಮೀನಿನ ತುಂಡು ಬಡಿಸಿದ್ದರು. ಅವಳು ಅದನ್ನು ತಿಂದಿದ್ದಳು. ಪೂರ್ತಿ ತಿಂದಿದ್ದಳು.

ಮೂರು ಗಂಟೆಗೆ ಗಾಡಿ ತಳ್ಳಿಕೊಂಡು ಮೇಲಿನ ಸಭಾಕೋಣೆಗೆ ಹೋದಳು. ಉದ್ದನೆಯ ಮೇಜು, ಎರಡು ಕಡೆ ಎರಡು ಸರ್ಕಾರ, ನಡುವೆ ನೀರಿನ ಜಗ್ಗುಗಳು, ಎರಡು ಸಣ್ಣ ಬಾವುಟ. ಆಚೆ ದಡದ ಅಧಿಕಾರಿಣಿ ಕನ್ನಡಕದ ಮೇಲಿನಿಂದ ನೋಡಿ, "ನಿಮ್ಮ ಕಾವಲಿನವರು ಇಷ್ಟು ಚಿಕ್ಕವರಾ?" ಅಂದಳು. ದೊಡ್ಡ ಸಾಹೇಬರು, "ಚಿಕ್ಕವಳೇ, ಆದ್ರೆ ಗಟ್ಟಿ. ಏಳು ವರ್ಷದಲ್ಲಿ ಏಳು ಮಾತಾಡಿದಾಳೋ ಇಲ್ವೋ," ಅಂದರು. ಎಲ್ಲರೂ ನಕ್ಕರು. ಯಾರೋ ಕಿಟಕಿ ತೆಗೆಯಿರಿ ಎಂದರು. ಗಾಡಿ ಒಳಗೆ ಬಂದ ಮೇಲೆ ಎಂಬುದನ್ನು ಅವಳು ಗಮನಿಸಿದಳು. ಅವಳ ಕಿವಿ ಬಿಸಿಯಾಯಿತು. ಅಜ್ಜ ಎದುರು ಗೋಡೆಗೆ ಒರಗಿ ನಿಂತಿದ್ದ, ಪೆಟ್ಟಿಗೆ ಕಾಲಿನ ಹತ್ತಿರ. ಭಾವ ಹೊಸ ಕೋಟು ಹಾಕಿದ್ದರು. ತೋಳು ಸ್ವಲ್ಪ ಉದ್ದವಾಗಿತ್ತು. ಅವರು ಪಟ್ಟಿ ಎತ್ತಿಕೊಂಡು ಗಂಟಲು ಸರಿಮಾಡಿಕೊಂಡರು.

"ಒಂದು, ಉಪ್ಪು. ಕೈ ತಾಗಿದೆಯೇ?"

"ಇಟ್ಟ ಹಾಗೇ ಇದೆ," ಎಂದ ಅಜ್ಜ. "ಇಟ್ಟ ಹಾಗೇ ಇದೆ," ಎಂದಳು ಅವಳು.

"ಎರಡು, ಉಣ್ಣೆ. ಕೈ ತಾಗಿದೆಯೇ?"

ಮೊದಲ ನಾಲ್ಕೈದು ಸಲ ಅವಳಿಗೆ ಪ್ರತಿ ಪದವೂ ಬೇರೆ ಬೇರೆಯಾಗಿ ಕೇಳಿಸುತ್ತಿತ್ತು. ಇಟ್ಟ. ಹಾಗೇ. ಇದೆ. ಚೀಲ ಎತ್ತುವುದು, ಮುದ್ರೆ ತೋರಿಸುವುದು, ಹೇಳುವುದು, ಇಳಿಸುವುದು. ಹತ್ತರ ಹೊತ್ತಿಗೆ ಪದಗಳು ಅಂಟಿಕೊಂಡವು. ಹದಿನೈದರ ಹೊತ್ತಿಗೆ ಭಾವನ ಪ್ರಶ್ನೆಯೂ ಅವಳ ಉತ್ತರವೂ ಒಂದೇ ರಾಟೆಯ ಎರಡು ಸದ್ದಿನ ಹಾಗಾದವು. ಆಚೆಯ ಅಧಿಕಾರಿಣಿ ಗಡಿಯಾರ ನೋಡಿದಳು. ದೊಡ್ಡ ಸಾಹೇಬರು ಬಿಸ್ಕತ್ತು ಮುರಿದರು. ಅವಳು ಹೇಳುತ್ತಿದ್ದಳು, ಹೇಳುತ್ತ ಮನಸ್ಸಿನಲ್ಲಿ ಇನ್ನೊಂದು ಪದವನ್ನು ಕೈಯಲ್ಲಿ ನಾಣ್ಯ ಹಿಡಿದ ಮಗುವಿನಂತೆ ಬಿಗಿಯಾಗಿ ಹಿಡಿದುಕೊಂಡಿದ್ದಳು. ತಾಗಿದೆ. ಇಪ್ಪತ್ತೆರಡು, ಬೆಂಡು. ಇಟ್ಟ ಹಾಗೇ ಇದೆ. ಅಕ್ಕನಿಗೆ ಏನು ಹೇಳುವುದೆಂದೂ ಯೋಚಿಸಿಟ್ಟಿದ್ದಳು. ಕೆಲಸ ಹೋದರೆ ಅಕ್ಕ ಎರಡು ದಿನ ಮಾತಾಡುವುದಿಲ್ಲ, ಮೂರನೆಯ ದಿನ ಊಟಕ್ಕೆ ಕರೆಯುತ್ತಾಳೆ. ಭಾವನಿಗೆ ತಲೆ ಎತ್ತಲು ಆಗುವುದಿಲ್ಲ, ಆ ಕೋಟು. ಇಪ್ಪತ್ತೊಂಬತ್ತು, ಸುಣ್ಣಕಲ್ಲು. ಹಗ್ಗದವಳು ಓಣಿಯಲ್ಲಿ ಹಿಂದೆ ಹಿಂದೆ ನಡೆಯುತ್ತಾಳೆ. ಮೂವತ್ತು. ಮೂವತ್ತೊಂದು, ತೊಗಲು. ಇಟ್ಟ ಹಾಗೇ ಇದೆ.

"ಮುಗೀತು," ಎಂದು ಭಾವ ಪಟ್ಟಿಯನ್ನು ಮೇಜಿನ ಮೇಲಿಟ್ಟರು. ಪೆನ್ನುಗಳ ಮುಚ್ಚಳ ತೆಗೆದ ಸದ್ದಾಯಿತು.

"ಒಂದು ನಿಮಿಷ," ಎಂದ ಅಜ್ಜ. ಬಗ್ಗಿ ಪೆಟ್ಟಿಗೆ ತೆಗೆದು, ಒಂದು ಚೀಲವನ್ನು ತಂದು ಮೇಜಿನ ಅಂಚಿಗೆ ಇಟ್ಟ. "ಹನ್ನೆರಡು. ಹಗ್ಗ."

"ಪಟ್ಟಿಯಲ್ಲಿ ಇಲ್ಲವಲ್ಲ?" ಎಂದರು ದೊಡ್ಡ ಸಾಹೇಬರು, ಬೇಸರವಿಲ್ಲದೆ.

"ಕೇಳೋ ಹಕ್ಕಿದೆ ಸ್ವಾಮಿ. ಒಂದೇ ಮಾತು." ಅಜ್ಜ ಅವಳ ಕಡೆ ತಿರುಗಿದ. ಮೃದುವಾಗಿ, ಮಗುವಿಗೆ ಮದ್ದು ಕುಡಿಸುವವನ ಹಾಗೆ, ಕೇಳಿದ: "ಹಗ್ಗ. ಕೈ ತಾಗಿದೆಯೇ?"

"ಇಟ್ಟ ಹಾಗೇ ಇದೆ."

ಅವಳು ಅದನ್ನು ಕೇಳಿಸಿಕೊಂಡಳು. ಯಾರೋ ಹೇಳಿದರು ಎಂದು ಅನಿಸಿತು. ಆಮೇಲೆ ತನ್ನ ತುಟಿಗಳು ಇನ್ನೂ ಸ್ವಲ್ಪ ತೆರೆದಿರುವುದು ಗೊತ್ತಾಯಿತು. ಅಜ್ಜ ಇನ್ನೂ ನೋಡುತ್ತಿದ್ದ. ಈಗ ಹೇಳಬೇಕು, ಅಲ್ಲ ಅಲ್ಲ, ಬಾಯಿ ತಪ್ಪಿತು, ತಾಗಿದೆ. ಭಾವ ಅವಳ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು, ಭೇಷ್ ಎನ್ನುವ ಹಾಗೆ. ಒಂದು ಕ್ಷಣ ಇತ್ತು. ನಿಜವಾಗಿ ಇತ್ತು, ಒಂದು ಉಸಿರಿನಷ್ಟು ಉದ್ದ. ಆಗ ಆಚೆಯ ಅಧಿಕಾರಿಣಿ, "ಸರಿ ಹಾಗಾದರೆ," ಎಂದು ಕನ್ನಡಕ ಏರಿಸಿಕೊಂಡು ಕಾಗದವನ್ನು ಹತ್ತಿರ ಎಳೆದುಕೊಂಡಳು. ನಿಬ್ಬು ಕಾಗದದ ಮೇಲೆ ಓಡುವ ಸದ್ದು ಅಷ್ಟು ದೂರಕ್ಕೂ ಕೇಳಿಸಿತು. ರೂಢಿಯಿಂದ ಬಂತೋ, ಭಯದಿಂದ ಬಂತೋ, ಮೂವತ್ತೊಂದು ಸಲ ಹೇಳಿದ ನಾಲಿಗೆ ಮೂವತ್ತೆರಡನೆಯದನ್ನು ತಾನೇ ಹೇಳಿತೋ, ಅಥವಾ ಒಳಗೆ ಕೂತಿದ್ದ ಯಾರೋ ಆ ನಾಲಿಗೆಗಾಗಿಯೇ ಕಾದಿದ್ದರೋ, ಅವಳಿಗೆ ಮುಂದೆಂದೂ ತಿಳಿಯಲಿಲ್ಲ. ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು.

ಗಾಡಿಯನ್ನು ಕಾರಿಡಾರಿನಲ್ಲೇ ಬಿಟ್ಟು ಅವಳು ದೋಣಿಕಟ್ಟೆಗೆ ಓಡಿದಳು. ಕಚೇರಿಯ ಹಿಂದಿನ ಮೆಟ್ಟಿಲು, ಗೋದಾಮುಗಳ ನಡುವಿನ ಕೆಸರು ದಾರಿ. ಅಜ್ಜ ಕಟ್ಟೆಯ ಕಲ್ಲಿನ ಮೇಲೆ ಪೆಟ್ಟಿಗೆ ಪಕ್ಕಕ್ಕಿಟ್ಟು ಕೂತಿದ್ದ. ಅಧಿಕಾರಿಗಳ ದೋಣಿ ಮುಂದೆ ಹೋಗಿತ್ತು. ಸಾಮಾನಿನ ದೋಣಿಗೆ ಇನ್ನೂ ಮೂಟೆ ಏರಿಸುತ್ತಿದ್ದರು. ಅವಳು ನಿಂತು ಉಸಿರಾಡಿದಳು. ಆಮೇಲೆ ಎಲ್ಲವನ್ನೂ ಹೇಳಿದಳು: ಕರವಸ್ತ್ರ, ಕಿಟಕಿ, ರಜೆಯ ಮಳೆ, ಒಲೆ, ಎರಡು ಕುರ್ಚಿ, ಮುದ್ರೆ. ಜೀವನದಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿರಲಿಲ್ಲ. ಹೇಳುತ್ತ ಹೇಳುತ್ತ ಎಷ್ಟು ಸಲೀಸಾಗಿ ಬರುತ್ತಿದೆ ಎಂದು ಆಶ್ಚರ್ಯವಾಯಿತು, ಅದೇ ಅವಮಾನವೂ ಆಯಿತು.

ಅಜ್ಜ ಕೊನೆಯವರೆಗೂ ಕೇಳಿದ. "ಮಾತು ಆಡಿದರೆ ಹೋಯ್ತು ಅಂತಾರೆ," ಅಂದ. "ಆಡದಿದ್ರೂ ಹೋಗುತ್ತೆ ನೋಡು."

"ಈಗ ವಾಪಸ್ ಹೋಗಿ ಹೇಳ್ತೀನಿ."

"ಸಹಿ ಆಯ್ತಲ್ಲಮ್ಮ. ಈಗ ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ. ಹಗ್ಗ ಬರಲ್ಲ." ಬೈಗುಳದಂತಿರಲಿಲ್ಲ, ಹೊಳೆ ಎಷ್ಟು ಆಳ ಎಂದು ಕೇಳಿದವರಿಗೆ ಹೇಳುವ ಹಾಗಿತ್ತು. "ಐದು ವರ್ಷ ಯಾರು ಕಾಯ್ತಾರೆ? ಆ ಓಣೀನ ಗೋದಾಮಿಗೆ ಕೇಳ್ತಿದಾರೆ. ಉದ್ದ ಇದೆ, ನೇರ ಇದೆ, ಲಾರಿ ನಿಲ್ಲುತ್ತೆ. ಇವತ್ತಿನವರೆಗೂ ಕೊಡಲ್ಲ ಅಂತಿದ್ಲು."

ದೋಣಿಯವನು ಕೂಗಿದ. ಅಜ್ಜ ಎದ್ದು, ಪೆಟ್ಟಿಗೆ ತೆಗೆದು, ಹಗ್ಗದ ಚೀಲವನ್ನು ಅವಳ ಕೈಗೆ ಇಟ್ಟ. "ತಗೋ. ಇದರ ಜೋಡಿ ನಿನ್ನ ಹತ್ರ ಇದೆ. ಹೊಸಬರಿಗೆ ನಾನಿದನ್ನ ಏನಂತ ಒಪ್ಪಿಸ್ಲಿ?"

"ಹಗ್ಗದವಳಿಗೆ ಏನ್ ಹೇಳ್ತೀರಿ?"

ಅಜ್ಜ ಹಲಗೆಯ ಮೇಲೆ ಒಂದು ಕಾಲಿಟ್ಟು ನಿಂತ. ಯೋಚಿಸಿದ. "ಹುಡುಗಿ ಚೆನ್ನಾಗಿದಾಳೆ ಅಂತೀನಿ. ಕೇಳಿದ್ದೆಲ್ಲ ಅಷ್ಟೇ ಅಲ್ವಾ ಅವಳು," ಎಂದ.

ವಾಪಸು ಬಂದಾಗ ಗಾಡಿ ಕೋಣೆಯೊಳಗೆ ಬಂದಿತ್ತು. ಭಾವ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡು, ಅವಳಿಗಾಗಿ ಚೀಲಗಳನ್ನು ಕಪಾಟಿಗೆ ಏರಿಸುತ್ತಿದ್ದರು. ತಪ್ಪು ಜಾಗಗಳಲ್ಲಿ ಇಡುತ್ತಿದ್ದರು. "ಎಲ್ಲಿ ಹೋಗಿದ್ದೆ? ಸಾಹೇಬರು ನಿನ್ನ ಹೊಗಳಿದ್ರು. ಆ ಮುದುಕ ಕೊನೇಲಿ ಕೊಕ್ಕೆ ಹಾಕೋಕೆ ನೋಡಿದ, ನೀನು ಜಗ್ಗಲಿಲ್ಲ."

"ಭಾವ, ಆ ಹಗ್ಗ ಒದ್ದೆಯಾಗಿತ್ತು. ನಾನೇ ಒಲೆ ಮೇಲೆ ಒಣಗಿಸಿ ಮತ್ತೆ ಮುದ್ರೆ ಒತ್ತಿದ್ದು."

ಭಾವನ ಕೈ ಕಪಾಟಿನ ಎತ್ತರದಲ್ಲೇ ನಿಂತಿತು. ಬೆನ್ನು ತಿರುಗಿಸಿಯೇ ಇದ್ದರು. ಕತ್ತಿನ ಹಿಂದೆ ಸಣ್ಣದಾಗಿ ಕತ್ತರಿಸಿದ ಕೂದಲು, ಇವತ್ತಿಗಾಗಿ ಕತ್ತರಿಸಿಕೊಂಡದ್ದು. ಹೊರಗಿನ ಅಂಗಳದಲ್ಲಿ ಯಾರೋ ಕುರ್ಚಿಗಳನ್ನು ಎಳೆಯುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಆ ಕೈ ಚೀಲವನ್ನು ಅದರ ಜಾಗಕ್ಕೆ ತಳ್ಳಿತು.

"ಯಾವ ಹಗ್ಗ?" ಎಂದರು. "ಪಟ್ಟೀಲಿ ಹಗ್ಗ ಇಲ್ಲವಲ್ಲ." ಆಮೇಲೆ, ಬಾಗಿಲಿಗೆ ಹೋಗುತ್ತ, ಅವಳ ಮುಖ ನೋಡದೆ, "ಬೇಗ ಮನೆಗೆ ಹೋಗು. ಅಕ್ಕ ಕಾಯ್ತಿರ್ತಾಳೆ. ನಂದು ತಡ ಆಗುತ್ತೆ."

ಅವಳು ಸೆಳೆಖಾನೆ ಎಳೆದು, ಹರಿದ ಅರ್ಧವನ್ನೂ ತೆಗೆದು, ಅಜ್ಜ ಕೊಟ್ಟ ಚೀಲ ಒಡೆದಳು. ಒಂದು ಬೆಳ್ಳಗಿತ್ತು, ಮೆತ್ತಗೆ, ಈಗಲೂ ಹಸಿ ನಾರಿನ ಪರಿಮಳ. ಇನ್ನೊಂದು ಸುಟ್ಟ ಕಂದು. ಕತ್ತರಿಸಿದ ತುದಿಗಳನ್ನು ಒಂದಕ್ಕೊಂದು ಹಿಡಿದು ನೋಡಿದಳು. ಎಳೆಗೆ ಎಳೆ ಹೊಂದಿತು. ಮತ್ತೆ ಚೀಲಕ್ಕೆ ಹಾಕಲಿಲ್ಲ. ಎರಡನ್ನೂ ಸಿಂಬಿ ಸುತ್ತಿ ತೋಳಿನಲ್ಲಿ ಎತ್ತಿಕೊಂಡು, ಕಿಟಕಿಯ ಚಿಲಕ ಭದ್ರವಾಗಿದೆಯೇ ಎಂದು ಎರಡು ಸಲ ಎಳೆದು ನೋಡಿ, ಬೀಗ ಹಾಕಿದಳು.

ಸಂಜೆಯ ಬಸ್ಸು ತುಂಬಿತ್ತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸಿಂಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹೊಗೆ, ನಾರು, ಅರಗು, ತೊಗಲು, ಎಲ್ಲ ಒಟ್ಟಿಗೆ ಎದ್ದು ಬಂದವು. ಮೂಸಿ ನೋಡಬೇಕಾದ ಅಗತ್ಯವೇ ಇರಲಿಲ್ಲ. ಪಕ್ಕದಲ್ಲಿ ಕೂತ, ಊಟದ ಡಬ್ಬಿ ಹಿಡಿದ ಗಂಡಸು ಒಂದು ಸಲ ಹಿಂದೆ ನೋಡಿದ, ಒಂದು ಸಲ ಸೀಟಿನ ಕೆಳಗೆ ನೋಡಿದ. ಎರಡು ನಿಲ್ದಾಣ ಕಳೆದ ಮೇಲೆ ಸೌಜನ್ಯದಿಂದಲೇ ಹೇಳಿದ: "ಆ ಕಿಟಕಿ ಸ್ವಲ್ಪ ತೆಗೀತೀಯಾಮ್ಮ? ಎಲ್ಲಿಂದಲೋ ಏನೋ ವಾಸನೆ."

"ನನ್ನದೇ ವಾಸನೆ," ಅಂದಳು.

ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂದಿತ್ತು. ಮುಂದಿನ ಸೀಟಿನವರು ತಿರುಗಿ ನೋಡಿದರು. ಆ ಗಂಡಸು ಡಬ್ಬಿಯ ಮುಚ್ಚಳ ಒತ್ತಿ ನೋಡಿಕೊಂಡ. ಅವಳು ಕಿಟಕಿ ತೆಗೆಯಲಿಲ್ಲ. ಹಗ್ಗದ ಮೇಲೆ ಕೈಯಿಟ್ಟುಕೊಂಡು, ತನ್ನ ನಿಲ್ದಾಣ ಬರುವವರೆಗೂ ಹಾಗೇ ಕೂತಿದ್ದಳು.